ಅಮ್ಮ ತಿನ್ನದ ಪುಳಿಯೋಗರೆ

ಇಂಗ್ಲೆಂಡಿನ ಲೀಡ್ಸಿನಿಂದ ಮಗನ ಸಂಸಾರದ ಜೊತೆ ನಾರ್ವೆಗೆ ರಜೆಗೆ ಬಂದಿದ್ದೇನೆ. ಇವತ್ತು ರೈಲಿನಲ್ಲಿ ಒಂದು ದಿನದ ಪ್ರವಾಸ. ಕಿಟಕಿಯಾಚೆ ಹಿಮವಂತೆ, ಜಲಪಾತವಂತೆ. ಸೊಸೆ ಡಬ್ಬಿ ತೆರೆದಳು, ಪುಳಿಯೋಗರೆಯ ಘಮ ಬಂತು. ಆಮೇಲೆ ನನಗೆ ಹಿಮವೂ ಕಾಣಲಿಲ್ಲ, ಮಣ್ಣೂ ಕಾಣಲಿಲ್ಲ.

ನಾನು ಹುಡುಗನಾಗಿದ್ದಾಗ ಮೈಸೂರಿನಿಂದ ಅರಸೀಕೆರೆಗೆ ಹೋಗುತ್ತಿದ್ದ ರೈಲು. ಮರದ ಸೀಟು, ಕಣ್ಣಿಗೆ ಬೀಳುವ ಕಲ್ಲಿದ್ದಲಿನ ಪುಡಿ. ಅಮ್ಮ ಕತ್ತಲಿರುವಾಗಲೇ ಎದ್ದು ಪುಳಿಯೋಗರೆ ಕಲಸಿ ಬಾಳೆಎಲೆಯಲ್ಲಿ ಕಟ್ಟಿ ತಂದಿದ್ದಳು. ಅಪ್ಪ ತಿಂದರು, ನಾವು ಮಕ್ಕಳು ತಿಂದೆವು. ಅಮ್ಮ ಮುಟ್ಟಲಿಲ್ಲ. ಹತ್ತು ಜನ ಓಡಾಡುವ ರೈಲಿನಲ್ಲಿ ಅನ್ನ ತಿಂದರೆ ಮಡಿ ಕೆಡುತ್ತದೆ ಅಂತ ಅಜ್ಜಿಯ ಕಟ್ಟಳೆ. ಗಂಡಸರಿಗೆ ಮಾತ್ರ ದೋಷವಿಲ್ಲವಂತೆ! ಅಪ್ಪ ಸ್ಟೇಷನ್ನು ಸ್ಟೇಷನ್ನಿಗೂ ಇಳಿದು, ಕಾಫಿ ಕುಡಿದು, ಮೀಸೆ ಒರೆಸಿಕೊಂಡು ಬರುತ್ತಿದ್ದರು.

ಅರಸೀಕೆರೆಯಲ್ಲಿ ಇಳಿದವಳೇ ಅಮ್ಮ ಪ್ಲಾಟ್‌ಫಾರ್ಮಿನ ಮೇಲೆ ಕುಸಿದಳು. ಜನ ಸೇರಿದರು. ಅಪ್ಪ ಎಲ್ಲರೆದುರು, "ಏನಾದ್ರೂ ತಿನ್ನಬಾರದಿತ್ತೇನೇ? ಮಾನ ಕಳೀತೀಯಲ್ಲ!" ಅಂದರು.

ಈಗಲೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ಹಾಗಂತ ನಾನೇನು ಕಡಿದು ಹಾಕಿದೆ? ನನ್ನವಳು ಬದುಕಿರುವವರೆಗೂ ನಾನು ಮೊದಲು ಉಂಡೆ, ಅವಳು ಉಳಿದದ್ದು ಉಂಡಳು.

ಸೊಸೆ ಎಲ್ಲರಿಗೂ ಬಡಿಸಿ ಖಾಲಿ ಡಬ್ಬಿ ಮುಚ್ಚಿದಳು.

"ನಿನಗೆಲ್ಲಿದೆಯಮ್ಮ?"

"ನನಗೆ ಹಸಿವಿಲ್ಲ ಮಾವ."

ಆ ಸುಳ್ಳು ನನಗೆ ಚೆನ್ನಾಗಿ ಗೊತ್ತು. "ನಾನ್‌ಸೆನ್ಸ್! ಫಸ್ಟ್ ಯು ಈಟ್!" ಅಂತ ಕೂಗಿ ನನ್ನ ತಟ್ಟೆ ಅವಳ ಕೈಗಿಟ್ಟೆ. ಬೋಗಿಯೆಲ್ಲ ತಿರುಗಿ ನೋಡಿತು.

"ಅಜ್ಜ, ಇಟ್ಸ್ ದ ಕ್ವಯಟ್ ಕೋಚ್. ಇಲ್ಲಿ ಜೋರಾಗಿ ಮಾತಾಡಬಾರದು," ಮೊಮ್ಮಗಳು ಪಿಸುಗುಟ್ಟಿದಳು.

"ಇರಲಿ ಬಿಡು. ನಿಮ್ಮಮ್ಮ ತಿನ್ನೋವರೆಗೂ ಕೂಗ್ತೀನಿ."