ವಕೀಲರ ಪೆನ್ನಿಗೆ ವಿಭೂತಿ

ಮೊನ್ನೆ ಖಂಡೇನವಮಿಯ ಬೆಳಿಗ್ಗೆ, ಅಂದರೆ ಆಯುಧಪೂಜೆಯ ದಿನ, ಹುನಗುಂದದ ಮನೆಯಲ್ಲಿ ವಿಭೂತಿ ಗಟ್ಟಿಯನ್ನು ನೀರು ಹಚ್ಚಿ ತೇಯ್ದೆ. ಆ ತಣ್ಣನೆಯ ಬೂದಿವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ದೇವರು ನೆನಪಾಗಲಿಲ್ಲ. ಬಾಗಲಕೋಟೆಯ ಪೆನ್ನು ರಿಪೇರಿಯ ದಾವಲಸಾಬರು ನೆನಪಾದರು. ನಗಬೇಡಿ, ಕಾರಣವಿದೆ.

ಅಪ್ಪ ಇಲ್ಲಿಯ ಕೋರ್ಟಿನಲ್ಲಿ ವಕೀಲನಾಗಿದ್ದ. ದಾವೆ ಗೆದ್ದ ಕಕ್ಷಿದಾರನೊಬ್ಬ ಪ್ರೀತಿಯಿಂದ ಕೊಟ್ಟ ವಿಲಾಯತಿ ಪೆನ್ನೊಂದು ಅವನ ಹತ್ತಿರವಿತ್ತು. ಕರಿಯ ಮೈ, ಬಂಗಾರದ ನಿಬ್ಬು. ಅದನ್ನು ಜೇಬಿಗೆ ಸಿಕ್ಕಿಸಿದರೆ ಅಪ್ಪನ ನಡಿಗೆಯೇ ಬೇರೆಯಾಗುತ್ತಿತ್ತು. ಯಾರಾದರೂ ಸಹಿಗೆ ಪೆನ್ನು ಕೇಳಿದರೆ ಇನ್ನೊಂದು ಜೇಬಿನಿಂದ ಬಾಲ್‌ಪೆನ್ನು ತೆಗೆದು ಕೊಡುತ್ತಿದ್ದ. ಕೇಳಿದವರು ನ್ಯಾಯಾಧೀಶರಾದರೂ ಅಷ್ಟೇ. ಅವನು ತೀರಿದ ಮೇಲೆ ಪೆನ್ನು ನನಗೆ ಬಂತು. ನಾನೋ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಬಂಗಾರದ ನಿಬ್ಬಿನಿಂದ ಮಕ್ಕಳ ಹಾಜರಿ ಹಾಕಲು ಸಂಕೋಚವಾಗುತ್ತಿತ್ತು, ಆದರೂ ಹಾಕುತ್ತಿದ್ದೆ.

ಆದರೆ ಪ್ರತಿವರ್ಷ ದಸರೆ ಮುಗಿದ ವಾರವೇ ಪೆನ್ನು ಕೈಕೊಡುತ್ತಿತ್ತು. ಮೊದಲು ಮಸಿ ತಡೆತಡೆದು ಬರುತ್ತಿತ್ತು, ಆಮೇಲೆ ನಿಬ್ಬು ಕಾಗದವನ್ನು ಕೆರೆಯುತ್ತಿತ್ತು. ನಾನು ಮಸಿಯನ್ನು ಬೈದೆ, ಕಾಗದವನ್ನು ಬೈದೆ, ಕೊನೆಗೆ ಪೆನ್ನು ಮಾಡಿದ ಕಂಪನಿಗೇ ದೂರು ಬರೆಯಲು ಕೂತೆ. ಅದೂ ಅದೇ ಪೆನ್ನಿನಿಂದ. 'ಮಾನ್ಯರೇ' ಎಂಬಲ್ಲಿಗೆ ನಿಂತುಬಿಟ್ಟಿತು.

ದಾವಲಸಾಬರ ಅಂಗಡಿ ನವನಗರದಲ್ಲಿ. ಗಡಿಯಾರ, ಪೆನ್ನು ಎರಡೂ ರಿಪೇರಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಿಬ್ಬನ್ನು ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು. ನಿಬ್ಬು ಬಿಚ್ಚಿ, ಅದರ ಕೆಳಗೆ ಮಸಿ ಹರಿಯುವ ಕರಿ ಕಡ್ಡಿಯನ್ನು ಬೆಚ್ಚನೆ ನೀರಿನಲ್ಲಿ ನೆನೆಹಾಕಿ, ಸೀಳಿನಲ್ಲಿ ತೆಳ್ಳನೆಯ ಹಿತ್ತಾಳೆ ಹಾಳೆ ಆಡಿಸಿ ಕೊಡುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ನಾಲ್ಕನೆಯ ವರ್ಷ, ಬಿಗಿದುಕೊಂಡಿದ್ದ ಆ ಕಡ್ಡಿ ಬಿಚ್ಚುವಾಗ ಸೀಳಿತು. ಹಳೆಯ ಪೆನ್ನೊಂದರ ಕಡ್ಡಿಯನ್ನು ಅರದಿಂದ ಉಜ್ಜಿ ಉಜ್ಜಿ ಹೇಗೋ ಕೂರಿಸಿದರು. ಇನ್ನೊಮ್ಮೆ ಹೀಗಾದರೆ ತಮ್ಮ ಕೈಲಾಗದು ಎಂದರು. ಆಮೇಲೆ ದನಿ ತಗ್ಗಿಸಿ, ಹಬ್ಬದ ದಿನ ಇದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದರು.

ಏನು ಮಾಡುತ್ತೇವೆ? ಪೂಜೆ ಮಾಡುತ್ತೇವೆ. ಕುಡಗೋಲಿಗೆ, ಸ್ಕೂಟರಿಗೆ ಆಗುವ ಪೂಜೆ ಪೆನ್ನಿಗೆ ಆಗಬೇಡವೇ? ಅಪ್ಪ ಹೋದ ಮೇಲಿನ ಪ್ರತಿ ಹಬ್ಬಕ್ಕೂ ಅವ್ವ ಅದರ ಮುಚ್ಚಳ ತೆಗೆದು, ನಿಬ್ಬಿನ ಮೇಲೆ ಒದ್ದೆ ವಿಭೂತಿಯ ಮೂರು ಗೆರೆ ಎಳೆದು, ಕುಂಕುಮವಿಟ್ಟು, ದೀಪ ಬೆಳಗುತ್ತಿದ್ದಳು. ವಿಜ್ಞಾನದ ಮಾಸ್ತರ ಪಕ್ಕದಲ್ಲೇ ಕೈಮುಗಿದು ನಿಂತಿರುತ್ತಿದ್ದ. ನಿಬ್ಬಿನ ಸೀಳಿನಲ್ಲಿ ಬೂದಿ ಇಳಿದು ಗಟ್ಟಿಯಾದೀತೆಂದು ಅವನಿಗೆ ಹೊಳೆದಿರಲಿಲ್ಲ.

ಮನೆಗೆ ಬಂದು ಅವ್ವನಿಗೆ, ಇನ್ನು ನಿಬ್ಬಿಗೆ ಹಚ್ಚಬೇಡ ಎಂದೆ. ಅವಳು ಅಕ್ಕಿ ಆರಿಸುವ ಕೈ ನಿಲ್ಲಿಸಲಿಲ್ಲ.

"ನಿಮ್ಮಪ್ಪಾರು ಇದ್ದಾಗ ಕೈ ಹಿಡಿದು ಕುಂತು ಮಾತಾಡಿದಾಕಿ ಅಲ್ಲ ನಾ," ಎಂದಳು. "ವರ್ಷಕ್ಕೊಮ್ಮಿ ಆ ನಿಬ್ಬ ಮುಟ್ಟಿದ್ರ ಅವರ ಬೆರಳ ಮುಟ್ಟಿದಂಗ ಆಗತೈತಿ. ಅದೂ ಬ್ಯಾಡಂದ್ರ ಬಿಡತೇನಿ ತೊಗೋ."

ಸರಿ, ಬಿಡು ಎನ್ನಲು ನನ್ನಿಂದಾಗಲಿಲ್ಲ. ಆದರೆ ಪೆನ್ನಿನ ಆಸೆ ಬಿಡಲಿಲ್ಲ. ಮುಂದಿನ ದಸರೆಗೆ ಮುಂಚೆ, ಕಣ್ಣಿನ ದವಾಖಾನೆಯ ನೆಪ ಹೇಳಿ ಅವಳನ್ನು ದಾವಲಸಾಬರ ಅಂಗಡಿಗೆ ಕರೆದೊಯ್ದೆ. ನನ್ನಿಂದ ಆಗದ ಕೆಲಸ ಅವರಾದರೂ ಮಾಡಲಿ ಎಂದು. ಅವ್ವ ಆಡಿದ ಮಾತನ್ನು ಮಾತ್ರ ಅವರಿಗೆ ಹೇಳಲಿಲ್ಲ. ಮನೆಯ ಮಾತು, ನಾಚಿಕೆಯಾಯಿತು. ಅವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿ, ಪೆನ್ನು ಕೈಗೆತ್ತಿಕೊಂಡರು.

"ಅವ್ವಾರ, ನೀವು ವಿಭೂತಿ ಹಣಿಗಿ ಹಚ್ಕೋತೀರಿ, ನಾಲಗಿಗಿ ಹಚ್ಕೊಳ್ಳಂಗಿಲ್ಲ. ಈ ನಿಬ್ಬ ಪೆನ್ನಿನ ನಾಲಗಿ. ಹಣಿ ಇಲ್ಲೈತಿ ನೋಡ್ರಿ," ಎಂದು ಮುಚ್ಚಳದ ತುದಿ ತೋರಿಸಿದರು.

ಅವ್ವ ಹೂಂ ಅಂದಳು. ತಿರುಗಿ ಬರುವಾಗ ಅಮೀನಗಡದಲ್ಲಿ ಕರದಂಟು ಕೊಡಿಸಿದೆ. ಅದನ್ನು ದವಡೆಯಲ್ಲಿಟ್ಟುಕೊಂಡು, ಸಾಬರು ಶಾಣ್ಯಾ ಮನುಷ್ಯ ಎಂದಷ್ಟೇ ಹೇಳಿ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅಂದಿನಿಂದ ಒಂಬತ್ತು ವರ್ಷ ವಿಭೂತಿ ಮುಚ್ಚಳಕ್ಕೇ ಬಿತ್ತು. ಪೆನ್ನು ಒಮ್ಮೆಯೂ ಕೆಡಲಿಲ್ಲ. ನಾನು ಗೆದ್ದೆನೆಂದು ಹಿಗ್ಗಿದೆ.

ಈ ಶ್ರಾವಣದಲ್ಲಿ ಅವ್ವ ಹೋದಳು.

ಮೊನ್ನೆ ಪೂಜೆಗೆ ಕೂತವನು ನಾನು. ಮುಚ್ಚಳಕ್ಕೆ ಹಚ್ಚಲು ಹೋದ ಕೈ ಅದನ್ನು ಬಿಚ್ಚಿತು. ನಿಬ್ಬಿನ ಮೇಲೆ ಮೂರು ಗೆರೆ ಎಳೆದೆ, ಅವ್ವ ಎಳೆಯುತ್ತಿದ್ದಂತೆ ಬೆರಳು ಒತ್ತಿ. ಅಳು ಬಂತು. ಅಳುವುದೆಲ್ಲ ಮುಗಿದ ಮೇಲೆ, ಮಾಡಿದ್ದೇನು ಎಂದು ಗಾಬರಿಯೂ ಆಯಿತು. ಮರುದಿನ ಬಾಗಲಕೋಟೆಯ ಬಸ್ಸು ಹತ್ತಿದೆ.

ದಾವಲಸಾಬರಿಗೂ ಈಗ ವಯಸ್ಸಾಗಿದೆ. ಭೂತಗನ್ನಡಿಯಲ್ಲಿ ನಿಬ್ಬು ನೋಡಿ, ಅವ್ವ ಮರೆತು ಹಚ್ಚಿದರೇನು ಎಂದು ಕೇಳಿದರು. ಅವ್ವ ಈಗ ಬದುಕಿಲ್ಲ, ಹಚ್ಚಿದವನು ನಾನೇ ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಅಕ್ಕಿ ಆರಿಸುತ್ತ ಅವಳು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ.

ಅವರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಬಟ್ಟಲಿಗೆ ಬೆಚ್ಚನೆ ನೀರು ಸುರಿದು ನಿಬ್ಬನ್ನು ಅದರೊಳಗೆ ಬಿಟ್ಟರು.

"ಇದನ್ನ ಆವಾಗ ಹೇಳಬೇಕಿತ್ರಿ ಮಾಸ್ತರ್ರ. ಪೂಜಿ ಮುಗದ ಕೂಡಲೆ, ಒಣಗೂದ್ರಾಗ ಹಿಂಗ ತೊಳದಿದ್ರ ಏನೂ ಆಗ್ತಿದ್ದಿಲ್ಲ."

ನೀರಿನಲ್ಲಿ ನಿಬ್ಬಿನಿಂದ ಬಿಳುಪು ಬಿಟ್ಟುಕೊಳ್ಳುತ್ತಿತ್ತು. ಒಂಬತ್ತು ಹಬ್ಬ ಅವ್ವ ಆ ನಿಬ್ಬನ್ನು ಮುಟ್ಟಬಹುದಾಗಿತ್ತು. ನಾನು ಬಿಡಲಿಲ್ಲ.