ನನ್ನ ಕುರ್ಚಿಯಲ್ಲಿ ಇಮಾಮ್ ಸಾಬರು

ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ನನ್ನ ಹೊಟ್ಟೆಕಿಚ್ಚಿಗೆ ದೂರ ನಡೆಯುವ ಶಕ್ತಿಯಿಲ್ಲ. ಮೈಸೂರಿನ ಅರಮನೆಯವರೆಗೆ ಅದು ಒಂದು ದಿನವೂ ಹೋಗಿದ್ದಿಲ್ಲ. ಅಮಲ್ದಾರರು ಕುರ್ಚಿಯಲ್ಲಿ ಕೂತರೆ ನನಗೇನೂ ಆಗುವುದಿಲ್ಲ. ಅವರು ಕೂರಲೆಂದೇ ಹುಟ್ಟಿದವರು. ನಿನ್ನೆ ನನ್ನ ಪಕ್ಕ ಕೂತು ಎಲೆ ಅಡಿಕೆ ಹಾಕಿದವರು ಇಂದು ಕುರ್ಚಿ ಏರಿದರೆ ಮಾತ್ರ ತಡೆಯಲಾಗುವುದಿಲ್ಲ.

ಬಸವಾಪಟ್ಟಣದ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದಾಗ ಅಲ್ಲಿದ್ದದ್ದು ಎರಡೇ ಕುರ್ಚಿ, ಹೆಡ್ ಮೇಷ್ಟ್ರದೊಂದು, ನನ್ನದೊಂದು. ಚನ್ನಗಿರಿಯಿಂದ ಅಮಲ್ದಾರರು ಮೊಕ್ಕಾಂ ಬಂದರೆ ಎರಡೂ ಅಂಗಳಕ್ಕೆ ಹೋಗುತ್ತಿದ್ದವು. ಒಂದರಲ್ಲಿ ಅವರು, ಇನ್ನೊಂದರಲ್ಲಿ ಅವರ ಕೊಡೆ. ನಾವೆಲ್ಲ ಜಮಖಾನದ ಮೇಲೆ. ಆ ಕೊಡೆಯ ಮೇಲೆ ನನಗೆ ಎಂದೂ ಅಸೂಯೆ ಇರಲಿಲ್ಲ.

ಒಂದು ಸಲ ಅಮಲ್ದಾರರು ಕೊಡೆ ತೆಗೆಸಿ ಬಟ್ಟೆ ಅಂಗಡಿಯ ಇಮಾಮ್ ಸಾಬರನ್ನು ಅಲ್ಲಿ ಕೂರಿಸಿದರು. ದಿನಾ ಸಂಜೆ ನನ್ನ ಹರಟೆ ಅವರ ಅಂಗಡಿಯಲ್ಲೇ. ಅಲ್ಲಿ ಅವರು ಎತ್ತರದ ಕಟ್ಟೆಯ ಮೇಲೆ ಒಂದು ಕಾಲು ನೀಡಿಕೊಂಡೇ ಕೂರುತ್ತಿದ್ದರು. ಅದನ್ನು ವ್ಯಾಪಾರಿಯ ಠೀವಿ ಎಂದುಕೊಂಡಿದ್ದೆ. ಈಗ ನೋಡಿದರೆ ನನ್ನದೇ ಕುರ್ಚಿ! ಅದರ ಬೆತ್ತ ಎಲ್ಲಿ ಕಿತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಲ್ಲೇ ಅವರಿಗೆ ಚುಚ್ಚಲಿ ಎಂದು ಜಮಖಾನದ ಮೇಲೆ ಕೂತು ಹಾರೈಸಿದೆ.

ಮಾರನೆಯ ದಿನದಿಂದ ಅಂಗಡಿಗೆ ಹೋಗುವುದನ್ನು ಬಿಟ್ಟೆ, ಸುತ್ತು ಬಳಸಿ ಮನೆಗೆ ಬರುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ಸಾಬರೇ ಮನೆಗೆ ಬಂದರು. ನನ್ನ ಹೆಂಡತಿ ಚಾಪೆ ಹಾಸಿದಳು. ಅವರು ನಿಂತೇ ಇದ್ದರು. ಇನ್ನು ಇವರಿಗೆ ನಮ್ಮ ಚಾಪೆ ಸಾಲದೇನೋ ಎಂದು ನಾನು ಮುಖ ಊದಿಸಿಕೊಂಡೆ.

"ತಪ್ಪು ತಿಳೀಬ್ಯಾಡ್ರಿ ಮೇಷ್ಟ್ರೇ, ಮೊಣಕಾಲು ಮಡಚಿ ನೆಲಕ್ಕೆ ಕೂರಾಕೆ ಆಗಲ್ಲ. ಅವತ್ತೂ ಹಿಂಗೇ ನಿಂತಿದ್ದೆ, ಅದಕ್ಕೇ ಸಾಹೇಬ್ರು ಕುರ್ಚಿ ಕೊಡಿಸಿದ್ರು. ನೀವ್ಯಾಕೆ ಅಂಗಡಿ ಕಡೆ ಬರಾದು ಬಿಟ್ರಿ?"

ಮರ್ಯಾದೆಗಲ್ಲ, ಮೊಣಕಾಲಿಗೆ! ನನಗೆ ಮೊದಲು ಆದದ್ದು ಸಮಾಧಾನ. ಅಯ್ಯೋ ಪಾಪ ಅನ್ನಿಸಿದ್ದು ಆಮೇಲೆ. ಗೆಳೆಯನ ನೋವು ಕೇಳಿ ಹೊಟ್ಟೆ ತಣ್ಣಗಾಯಿತಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ. ಅವರ ಪ್ರಶ್ನೆಗೆ ಶಾಲೆಯಲ್ಲಿ ಕೆಲಸ ಹೆಚ್ಚು ಎಂದು ಸುಳ್ಳು ಹೇಳಿದೆ. ಸಂಜೆಯ ಹರಟೆ ಮತ್ತೆ ಶುರುವಾಯಿತು.

ಈಗ ನನ್ನ ಮೊಣಕಾಲೂ ಹೋಗಿದೆ. ಮೊನ್ನೆ ಹೊನ್ನಾಳಿಯ ಮದುವೆಯೊಂದರಲ್ಲಿ ನನಗೆ ಕುರ್ಚಿ ಹಾಕಿಸಿದರು. ಜಮಖಾನದ ಮೇಲಿದ್ದ ಹಳೆಯ ಸಹೋದ್ಯೋಗಿಯೊಬ್ಬರು ನನ್ನತ್ತ ನೋಡಿದರು. ಆ ನೋಟ ನನಗೆ ಗೊತ್ತು. ಒಮ್ಮೆ ಮೊಣಕಾಲು ಉಜ್ಜಿಕೊಂಡಿದ್ದರೆ ಅವರ ಉರಿ ಆರುತ್ತಿತ್ತು. ನಾನು ಪಂಚೆ ಸರಿಮಾಡಿಕೊಂಡು ಇನ್ನಷ್ಟು ನೆಟ್ಟಗೆ ಕೂತೆ.

ಅಂದು ಶಾಲೆಯ ಅಂಗಳದಲ್ಲಿ ಇಮಾಮ್ ಸಾಬರು ನನ್ನ ಕುರ್ಚಿಯ ಅಂಚಿನಲ್ಲಿ, ನನ್ನ ಕಡೆಗೇ ನೋಡುತ್ತ, ಮುದುಡಿ ಕೂತಿದ್ದರು. ಅದು ನೆನಪಾದದ್ದು ಊಟಕ್ಕೆ ಎದ್ದ ಮೇಲೆ.