ಗೆರೆ ಎಳೆಯದ ಮೇಷ್ಟ್ರು

ನಮ್ಮ ಬಸವನಗುಡಿಯ ಗಣಿತದ ಮೇಷ್ಟ್ರು ನರಹರಿಯವರಿಗೆ ಲೋಕವೆಲ್ಲ ಚುಕ್ಕಿ ಮತ್ತು ಗೆರೆ: ದೊಡ್ಡದು ಮೇಲೆ, ಚಿಕ್ಕದು ಕೆಳಗೆ, ನಡುವೆ ಗೆರೆ, ಹೋಲಿಸಲಾಗದ ಎರಡರ ನಡುವೆ ಗೆರೆಯೇ ಇಲ್ಲ. ಹೋಟೆಲಿನಲ್ಲಿ ದೋಸೆ ಮೇಲೋ ಇಡ್ಲಿ ಮೇಲೋ ಎಂದು ನಾನು ಕೇಳಿದರೆ ಜೇಬಿನ ಹಳೇ ಬಿಲ್ಲಿನ ಹಿಂದೆ ಎರಡು ಚುಕ್ಕಿ ಇಟ್ಟು, “ಗೆರೆ ಇಲ್ಲಮ್ಮ” ಎಂದು ಎರಡನ್ನೂ ತರಿಸುತ್ತಾರೆ. ನನ್ನ ಮದುವೆಯಲ್ಲಿ ಮೊದಲ ನಮಸ್ಕಾರ ಹೆತ್ತಮ್ಮನಿಗೋ ಸಾಕಿದ ದೊಡ್ಡಮ್ಮನಿಗೋ ಎಂದು ನೆಂಟರು ಜಗಳಕ್ಕೆ ನಿಂತು, ಇಬ್ಬರ ಕಣ್ಣೂ ತುಂಬಿದಾಗ, ಮೇಷ್ಟ್ರು ಲಗ್ನಪತ್ರಿಕೆಯ ಹಿಂದೆ ಮೂರು ಚುಕ್ಕಿ ಇಟ್ಟರು. ಕೆಳಗಿನದು ನಾನು, ನನ್ನಿಂದ ಮೇಲಕ್ಕೆ ಎರಡು ಗೆರೆ. “ಇಬ್ರೂ ನಿನಗಿಂತ ಮೇಲೆ ಕಣಮ್ಮ. ಅವರಿಬ್ರ ಮಧ್ಯೆ ಗೆರೆ ಎಳೆಯೋಕೆ ನಾವ್ಯಾರು?” ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆವು. ಅವರು ಎಳೆಯದೆ ಬಿಟ್ಟ ಆ ಗೆರೆಯ ಋಣ ನಾನು ತೀರಿಸಲಾರೆ: ಬಾಗಿದ ನನ್ನ ತಲೆಯ ಮೇಲೆ ಎರಡು ಕೈಗಳು ಒಟ್ಟಿಗೇ ಬಂದು ಕೂತವು.